ಬಳೇಪೇಟೆ ಮೊದಲೋ, ಬಸವನಗುಡಿ ಮೊದಲೋ?
ಕಂಪ್ಯೂಟರ್ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಬಗೆ

ಮೊದಲು ಒಂದು ಸಣ್ಣ ಕೆಲಸ. ನಮ್ಮ ಸುತ್ತಮುತ್ತಲಿನ ಎಂಟು ಬಡಾವಣೆಗಳ ಹೆಸರು ಇಲ್ಲಿವೆ: ಮಲ್ಲೇಶ್ವರ, ಬಸವನಗುಡಿ, ಹನುಮಂತನಗರ, ಬಳೇಪೇಟೆ, ಚಿಕ್ಕಪೇಟೆ, ಶಂಕರಪುರ, ಚಾಮರಾಜಪೇಟೆ, ಬನಶಂಕರಿ. ಇವನ್ನು ಅಕಾರಾದಿಯಾಗಿ ಬರೆಯಿರಿ.

ಕನ್ನಡ ನಿಘಂಟಿನ ಕ್ರಮ ಗೊತ್ತಿದ್ದವರು ಹೀಗೆ ಬರೆಯುತ್ತಾರೆ: ಚಾಮರಾಜಪೇಟೆ, ಚಿಕ್ಕಪೇಟೆ, ಬನಶಂಕರಿ, ಬಸವನಗುಡಿ, ಬಳೇಪೇಟೆ, ಮಲ್ಲೇಶ್ವರ, ಶಂಕರಪುರ, ಹನುಮಂತನಗರ. ಇದೇ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದು ಜೋಡಿಸಿದರೆ ಐದನೆಯದಾಗಿದ್ದ ಬಳೇಪೇಟೆ ಎಲ್ಲಕ್ಕಿಂತ ಮುಂದೆ ಬರುತ್ತದೆ, ಕೊನೆಯಲ್ಲಿದ್ದ ಹನುಮಂತನಗರ ಮಲ್ಲೇಶ್ವರವನ್ನು ದಾಟಿ ಮುಂದೆ ಹೋಗುತ್ತದೆ. ಉರ್ದುವಿನಲ್ಲಿ ಬರೆದರೆ ಮೊದಲು 'ಬೇ' ಅಕ್ಷರದ ಮೂರು ಹೆಸರು, ಆಮೇಲೆ 'ಚೇ'ಯ ಎರಡು, ಆಮೇಲೆ ಶಂಕರಪುರ, ಮಲ್ಲೇಶ್ವರ, ಹನುಮಂತನಗರ. ಊರು ಒಂದೇ, ಬಡಾವಣೆಗಳೂ ಅವೇ. ಲಿಪಿ ಬದಲಾದಾಗ ಸಾಲು ಬದಲಾಯಿತು.

ಈಗ ಕನ್ನಡದ ಪಟ್ಟಿಯನ್ನೇ ಕಂಪ್ಯೂಟರಿಗೆ ಕೊಟ್ಟು, ಬೇರೇನೂ ಹೇಳದೆ 'ಸಾರ್ಟ್ ಮಾಡು' ಎಂದರೆ ಹಲವು ಪ್ರೋಗ್ರಾಮಿಂಗ್ ಭಾಷೆಗಳು ಬಳೇಪೇಟೆಯನ್ನು ಬಸವನಗುಡಿಗಿಂತ ಮೊದಲು ಇಡುತ್ತವೆ. ಕನ್ನಡದ ಯಾವ ನಿಘಂಟೂ ಹಾಗೆ ಇಡುವುದಿಲ್ಲ. ಈ ಚಿಕ್ಕ ವ್ಯತ್ಯಾಸ ಎಲ್ಲಿಂದ ಬಂತು, ಅದರಿಂದ ಯಾರಿಗೆ ಏನು ನಷ್ಟ ಎಂಬುದೇ ಈ ಲೇಖನದ ವಿಷಯ.

ನಷ್ಟವನ್ನು ಮೊದಲೇ ಹೇಳಿಬಿಡೋಣ. ಪಟ್ಟಿಯನ್ನು ಕ್ರಮವಾಗಿ ಜೋಡಿಸುವುದು ಚೆಂದಕ್ಕಲ್ಲ, ಹುಡುಕುವುದಕ್ಕೆ. ಪರೀಕ್ಷಾ ಕೊಠಡಿಯ ಪಟ್ಟಿ, ವಿದ್ಯಾರ್ಥಿವೇತನದ ಪಟ್ಟಿ, ಗ್ರಂಥಾಲಯದ ಸೂಚಿ ಇವುಗಳಲ್ಲಿ ನಾವು ಮೊದಲಿಂದ ಕೊನೆಯವರೆಗೆ ಓದುವುದಿಲ್ಲ. ನಮ್ಮ ಹೆಸರು ಇರಬೇಕಾದ ಜಾಗಕ್ಕೆ ಹೋಗಿ ನೋಡುತ್ತೇವೆ. ಅಲ್ಲಿ ಇಲ್ಲದಿದ್ದರೆ 'ನನ್ನ ಹೆಸರು ಬಂದಿಲ್ಲ' ಎಂದುಕೊಂಡು ಹಿಂದಿರುಗುತ್ತೇವೆ. ಹೆಸರು ಎರಡು ಪುಟ ಮುಂದೆ ಇದ್ದರೂ, ಹುಡುಕಿದವರ ಪಾಲಿಗೆ ಅದು ಇಲ್ಲದಂತೆಯೇ.

ಈ ಕ್ರಮ ಯಾರು ಮಾಡಿದ್ದು?

ಕನ್ನಡ ವರ್ಣಮಾಲೆಯ ವರ್ಗೀಯ ವ್ಯಂಜನಗಳಿಗೆ ಒಂದು ತರ್ಕವಿದೆ. ಕ ವರ್ಗ ಗಂಟಲಲ್ಲಿ ಹುಟ್ಟುತ್ತದೆ, ಚ ವರ್ಗ ತಾಲುವಿನಲ್ಲಿ, ಟ ವರ್ಗ ನಾಲಿಗೆ ಮೇಲಕ್ಕೆ ಮಡಿಸಿದಾಗ, ತ ವರ್ಗ ಹಲ್ಲಿನ ಬಳಿ, ಪ ವರ್ಗ ತುಟಿಯಲ್ಲಿ. ಒಳಗಿನಿಂದ ಹೊರಕ್ಕೆ ಬರುವ ದಾರಿ ಇದು. ಎಂಟನೇ ಶತಮಾನದ ಬಸ್ರಾ ನಗರದ ವಿದ್ವಾಂಸ ಖಲೀಲ್ ಇಬ್ನ್ ಅಹ್ಮದ್ ಅರಬ್ಬಿಯ ಮೊದಲ ದೊಡ್ಡ ನಿಘಂಟಿಗೆ ಕೈಹಾಕಿದಾಗ ಇಂಥದೇ ದಾರಿ ಹಿಡಿದರು. ಗಂಟಲಿನ ಆಳದಿಂದ ಬರುವ 'ಐನ್' ಅಕ್ಷರದಿಂದ ಆರಂಭಿಸಿ ತುಟಿಯ ಅಕ್ಷರಗಳ ಕಡೆಗೆ ಬಂದರು. ಆ ಗ್ರಂಥದ ಹೆಸರೇ 'ಕಿತಾಬುಲ್ ಐನ್'.

ಇಂದು ನಾವು ಕಲಿಯುವ ಅಲಿಫ್, ಬೇ, ತೇ ಕ್ರಮ ಬೇರೆ. ಅದು ಒಂದೇ ಆಕಾರದ ಅಕ್ಷರಗಳನ್ನು ಒಟ್ಟಿಗೆ ಇಡುತ್ತದೆ. ಇನ್ನೂ ಹಳೆಯದು ಅಬ್ಜದ್ ಕ್ರಮ: ಅಲಿಫ್, ಬೇ, ಜೀಮ್, ದಾಲ್. ಅಕ್ಷರಗಳಿಗೆ ಅಂಕಿಯ ಬೆಲೆ ಕೊಡುವುದು ಈ ಕ್ರಮದಲ್ಲೇ. 786 ಎಂಬ ಸಂಖ್ಯೆ ಬಂದದ್ದೂ ಈ ಲೆಕ್ಕದಿಂದ. ಅರಬ್ಬಿ ನಿಘಂಟುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಧಾತುವಿನ ಪ್ರಕಾರ ಜೋಡಿಸುತ್ತವೆ. ಕಿತಾಬ್, ಕಾತಿಬ್, ಮಕ್ತಬ್ ಮೂರನ್ನೂ 'ಕ-ತ-ಬ' ಧಾತುವಿನ ಅಡಿಯಲ್ಲೇ ಹುಡುಕಬೇಕು.

ಹೊರಗಿನ ಭಾಷೆಗಳಲ್ಲೂ ಹೀಗೆಯೇ. ಸ್ವೀಡಿಷ್ ಭಾಷೆ ಎರಡು ಚುಕ್ಕಿಯ 'ಎ' ಅಕ್ಷರವನ್ನು ವರ್ಣಮಾಲೆಯ ಕೊನೆಯಲ್ಲಿ ಇಡುತ್ತದೆ, ಜರ್ಮನ್ ಅದನ್ನೇ ಸಾಮಾನ್ಯ 'ಎ' ಜೊತೆ ಸೇರಿಸುತ್ತದೆ. ಸ್ಪ್ಯಾನಿಷ್ ಅಕಾಡೆಮಿಗಳು 'ಸಿ' ಮತ್ತು 'ಎಚ್' ಸೇರಿದ ಜೋಡಿಯನ್ನು ಬಹುಕಾಲ ಪ್ರತ್ಯೇಕ ಅಕ್ಷರವಾಗಿ ಜೋಡಿಸುತ್ತಿದ್ದು, 1994ರಲ್ಲಿ ಆ ಪದ್ಧತಿಯನ್ನು ಬಿಟ್ಟವು. ಅಂದರೆ ಅಕಾರಾದಿ ಎಂಬುದು ಪ್ರಕೃತಿಯ ನಿಯಮವಲ್ಲ. ಒಂದು ಭಾಷೆಯ ಜನ ಒಪ್ಪಿಕೊಂಡು ನಡೆಸಿಕೊಂಡು ಬಂದ ತೀರ್ಮಾನ.

ಕನ್ನಡದ ತೀರ್ಮಾನವನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿದೆ. ಪರಿಷತ್ತು ಎಂಟು ಸಂಪುಟಗಳ ಕನ್ನಡ-ಕನ್ನಡ ನಿಘಂಟನ್ನು ಹೊರತಂದಿತು. ಪ್ರೊ. ಜಿ. ವೆಂಕಟಸುಬ್ಬಯ್ಯ ಅವರು ಅದರ ಪ್ರಧಾನ ಸಂಪಾದಕರಾಗಿ ದುಡಿದರು. ಶಾಸನಗಳಿಂದ, ಕಾವ್ಯಗಳಿಂದ ಪದಗಳನ್ನು ಆರಿಸಿ ಚೀಟಿಗಳಲ್ಲಿ ಬರೆದು, ಆ ಚೀಟಿಗಳನ್ನು ಕೈಯಲ್ಲೇ ಅಕಾರಾದಿಯಾಗಿ ಜೋಡಿಸಿದ ಕಾಲ ಅದು. ಪ್ರತಿ ಪದಕ್ಕೂ ಒಂದೇ ಒಂದು ಸರಿಯಾದ ಜಾಗ ಇರಬೇಕು, ಇಲ್ಲವಾದರೆ ಬರೆದಿಟ್ಟ ಚೀಟಿ ಕಳೆದುಹೋದ ಹಾಗೆ. ಅಂಥ ನಿಘಂಟುಗಳ ಕ್ರಮ ಹೀಗಿದೆ: ಅ ಇಂದ ಔ ವರೆಗೆ, ಆಮೇಲೆ ಅನುಸ್ವಾರ, ವಿಸರ್ಗ, ಆಮೇಲೆ ಕ ಇಂದ ಹ ವರೆಗೆ, ಕೊನೆಗೆ ಳ. ಅಕ್ಷರದ ಕಾಗುಣಿತ ಮುಗಿದ ಮೇಲೆ ಒತ್ತಕ್ಷರ. ಆದ್ದರಿಂದ 'ಅಕಾಲ' ಮೊದಲು, 'ಅಕ್ಕ' ಆಮೇಲೆ. ಶಾಲೆಯ ಗೋಡೆಯ ಚಿತ್ರಪಟದಲ್ಲಿ ಕ್ಷ, ಜ್ಞ ಕೊನೆಗೆ ಇದ್ದರೂ ನಿಘಂಟಿನಲ್ಲಿ ಕ್ಷ ಇರುವುದು ಕ ಅಡಿಯಲ್ಲಿ, ಜ್ಞ ಇರುವುದು ಜ ಅಡಿಯಲ್ಲಿ.

ಕಂಪ್ಯೂಟರಿಗೆ ಗೊತ್ತಿರುವುದು ಸಂಖ್ಯೆ ಮಾತ್ರ

ಕಂಪ್ಯೂಟರ್ ಅಕ್ಷರವನ್ನು ಕಾಣುವುದಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ, ಅದು ಆ ಸಂಖ್ಯೆಗಳನ್ನು ಹೋಲಿಸುತ್ತದೆ. ಇಂಗ್ಲಿಷಿನ ದೊಡ್ಡ 'ಎ' 65, ದೊಡ್ಡ 'ಝಡ್' 90, ಚಿಕ್ಕ 'ಎ' 97. ಇಂಗ್ಲಿಷಿಗೇ ಇಲ್ಲಿ ತೊಂದರೆ ಇದೆ: ದೊಡ್ಡ ಅಕ್ಷರದಲ್ಲಿ ಬರೆದ 'ಝೋಯಾ' ಚಿಕ್ಕ ಅಕ್ಷರದಲ್ಲಿ ಬರೆದ 'ಅಲಿ'ಗಿಂತ ಮೊದಲು ಬರುತ್ತಾಳೆ. ಅಂಕಿಗಳನ್ನು ಪಠ್ಯವಾಗಿ ನಮೂದಿಸಿದ್ದರೆ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ, ಏಕೆಂದರೆ ಅದು ಮೊದಲು ನೋಡುವುದು 1 ಅನ್ನು.

ಜಗತ್ತಿನ ಎಲ್ಲ ಲಿಪಿಗಳಿಗೂ ಹೀಗೆ ಸಂಖ್ಯೆ ಕೊಡುವ ವ್ಯವಸ್ಥೆಯೇ ಯೂನಿಕೋಡ್. ಅದರ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಕನ್ನಡ ಆಗಿನಿಂದಲೂ ಅದರಲ್ಲಿದೆ. ಕನ್ನಡದ ಅ 3205, ಕ 3221, ಲ 3250, ಳ 3251, ಸ 3256, ಹ 3257.

ಇಲ್ಲೇ ನಮ್ಮ ಬಳೇಪೇಟೆಯ ಉತ್ತರ ಇದೆ. ಲ ಪಕ್ಕದಲ್ಲೇ ಳ ಕುಳಿತಿದೆ, ಹ ನಂತರ ಅಲ್ಲ. ಕಾರಣ ಸರಳ. ಭಾರತೀಯ ಲಿಪಿಗಳಿಗಾಗಿ 1988ರಲ್ಲಿ ಸಿದ್ಧವಾಗಿದ್ದ 'ಇಸ್ಕಿ' ಎಂಬ ಮಾನಕವನ್ನು ಯೂನಿಕೋಡ್ ಆಧಾರವಾಗಿ ತೆಗೆದುಕೊಂಡಿತು. ದೇವನಾಗರಿ, ತೆಲುಗು, ಕನ್ನಡ, ಮಲಯಾಳಂ ಎಲ್ಲಕ್ಕೂ ಸಮಾನ ಮನೆಗಳಿರುವ ಒಂದೇ ನಕ್ಷೆ ಅದು. ಒಂದು ಲಿಪಿಯ ಪಠ್ಯವನ್ನು ಇನ್ನೊಂದಕ್ಕೆ ಬದಲಿಸುವುದಕ್ಕೆ ಅನುಕೂಲ. ಆ ನಕ್ಷೆಯಲ್ಲಿ ಳ ಮನೆ ಲ ಪಕ್ಕಕ್ಕಿತ್ತು. ಸಂಸ್ಕೃತದ ಸಾಮಾನ್ಯ ವರ್ಣಮಾಲೆಯಲ್ಲಿ ಳ ಗೆ ಪ್ರತ್ಯೇಕ ಸ್ಥಾನವಿರಲಿಲ್ಲ, ಆದ್ದರಿಂದ ಕನ್ನಡ ತನ್ನ ಳ ವನ್ನು ಸಾಲಿನ ತುದಿಗೆ ಸೇರಿಸಿಕೊಂಡಿತ್ತು. ಆ ಇತಿಹಾಸ ಸಂಖ್ಯೆಯ ನಕ್ಷೆಯೊಳಗೆ ಬರಲಿಲ್ಲ.

ಹಳಗನ್ನಡದ ೞ ಕಥೆ ಇನ್ನೂ ಸ್ವಾರಸ್ಯ. ತಮಿಳು, ಮಲಯಾಳಂಗಳಲ್ಲಿ ಈ ಅಕ್ಷರಕ್ಕೆ ಳ ಪಕ್ಕದ ಮನೆ ಇದೆ. ಕನ್ನಡದಲ್ಲಿ ಆ ಮನೆ, ಅಂದರೆ 3252, ಖಾಲಿ. ೞ ಹೋಗಿ ಕುಳಿತಿರುವುದು 3294ರಲ್ಲಿ, ಕಾಗುಣಿತದ ಚಿಹ್ನೆಗಳನ್ನೂ ದಾಟಿ. ಮೇಲಾಗಿ ಯೂನಿಕೋಡ್ ಪಟ್ಟಿಯಲ್ಲಿ ಅದರ ಇಂಗ್ಲಿಷ್ ಹೆಸರು 'ಫ' ಅಕ್ಷರ ಎಂದಿದೆ. ಅದು ತಪ್ಪು ಎಂದು ಯೂನಿಕೋಡ್ ತಾನೇ ಟಿಪ್ಪಣಿ ಹಾಕಿಕೊಂಡಿದೆ. ಆದರೆ ಒಮ್ಮೆ ಕೊಟ್ಟ ಹೆಸರನ್ನೂ ಸಂಖ್ಯೆಯನ್ನೂ ಬದಲಿಸಬಾರದು ಎಂಬುದು ಅಲ್ಲಿಯ ನಿಯಮ. ಬದಲಿಸಿದರೆ ಈಗಾಗಲೇ ಬರೆದಿಟ್ಟ ಕಡತಗಳೆಲ್ಲ ಕೆಡುತ್ತವೆ. ಆದ್ದರಿಂದ ಕ್ರಮವನ್ನು ಸರಿಪಡಿಸುವ ದಾರಿ ಸಂಖ್ಯೆ ಬದಲಿಸುವುದಲ್ಲ, ಬೇರೆಯೇ ಇದೆ. ಅದಕ್ಕೆ ಆಮೇಲೆ ಬರೋಣ.

ಆಯೇಷಾ ಪಕ್ಕದಲ್ಲಿ ಜಯಂತಿ

ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡ ಟೈಪಿಂಗ್ ನಡೆದದ್ದು ಬೇರೆ ಬಗೆಯ ಫಾಂಟುಗಳಲ್ಲಿ. ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಅವರ 'ಬರಹ' ಕನ್ನಡವನ್ನು ಕಂಪ್ಯೂಟರಿಗೆ ತಂದು ಸಾವಿರಾರು ಜನರ ಕೈಗೆ ಕೊಟ್ಟವು, ಆ ಉಪಕಾರ ಸಣ್ಣದಲ್ಲ. ಆದರೆ ಆ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿತ್ತು. ಪರದೆಯ ಮೇಲೆ ಕನ್ನಡ, ಕಡತದ ಒಳಗೆ ಇಂಗ್ಲಿಷ್ ಸಂಕೇತ.

ಉದಾಹರಣೆಗೆ ನುಡಿಯ ಹಳೆಯ ಫಾಂಟಿನಲ್ಲಿ 'ಆ' ಇರುವುದು ದೊಡ್ಡ 'ಡಿ' ಜಾಗದಲ್ಲಿ, 'ಜ' ಇರುವುದು ಚಿಕ್ಕ 'ಡಿ' ಜಾಗದಲ್ಲಿ. 'ಉ' ದೊಡ್ಡ 'ಜಿ', 'ರ' ಚಿಕ್ಕ 'ಜಿ'. ಎಕ್ಸೆಲ್ ಸಾಮಾನ್ಯವಾಗಿ ದೊಡ್ಡ ಚಿಕ್ಕ ಅಕ್ಷರಗಳ ಭೇದ ಮಾಡದೆ ಜೋಡಿಸುತ್ತದೆ. ಪರಿಣಾಮ: ಆಯೇಷಾ ಮತ್ತು ಜಯಂತಿ ಒಂದೇ ಗುಂಪಿನಲ್ಲಿ, ಉಮರ್ ಮತ್ತು ರಮೇಶ್ ಒಂದೇ ಗುಂಪಿನಲ್ಲಿ. 'ಯ' ಅಕ್ಷರದ ಮೊದಲ ತುಂಡು ದೊಡ್ಡ 'ಎ' ಜಾಗದಲ್ಲಿ, 'ಅ' ಇರುವುದು ದೊಡ್ಡ 'ಸಿ' ಜಾಗದಲ್ಲಿ. ಹಾಗಾಗಿ ಯಾಸ್ಮೀನ್ ಅಮೀನಾಳಿಗಿಂತ ಮೊದಲು ಬರುತ್ತಾಳೆ. ಪಟ್ಟಿಯನ್ನು ಓದುವವರಿಗೆ ಇದರಲ್ಲಿ ಯಾವ ಕ್ರಮವೂ ಕಾಣದು. ಕಂಪ್ಯೂಟರ್ ಮಾತ್ರ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಜೋಡಿಸಿದೆ.

ಇಂಥ ಫಾಂಟಿನಲ್ಲಿರುವ ಹಳೆಯ ಪಟ್ಟಿಗಳು ನಿಮ್ಮಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಅದಕ್ಕೆ ಉಚಿತ ಪರಿವರ್ತಕಗಳಿವೆ. ಪರಿವರ್ತಿಸದೆ ಸಾರ್ಟ್ ಗುಂಡಿ ಒತ್ತಿ ಉಪಯೋಗವಿಲ್ಲ.

ಉರ್ದುವಿನಲ್ಲಿ ಪರ್ವೀನ್ ಎಲ್ಲಿ?

ಉರ್ದು ಓದುವವರಿಗೆ ಗೊತ್ತು: ಅಲಿಫ್, ಬೇ, ಪೇ, ತೇ, ಟೇ, ಸೇ, ಜೀಮ್, ಚೇ. ಇವುಗಳಲ್ಲಿ ಪೇ, ಟೇ, ಚೇ ಅರಬ್ಬಿಯಲ್ಲಿ ಇಲ್ಲ. ಪೇ, ಚೇ, ಗಾಫ್ ಫಾರಸಿಯಿಂದ ಬಂದವು, ಟೇ, ಡಾಲ್ ನಮ್ಮ ನೆಲದ ಧ್ವನಿಗಳಿಗಾಗಿ ಹುಟ್ಟಿದವು. ಯೂನಿಕೋಡ್‌ನಲ್ಲಿ ಅರಬ್ಬಿಯ ಮೂಲ ಅಕ್ಷರಗಳಿಗೆ ಮೊದಲು ಸಂಖ್ಯೆ ಕೊಟ್ಟು, ಉಳಿದ ಭಾಷೆಗಳು ಸೇರಿಸಿಕೊಂಡ ಅಕ್ಷರಗಳನ್ನು ಆಮೇಲೆ ಇಟ್ಟಿದ್ದಾರೆ. ಅಲಿಫ್ 1575, ಬೇ 1576, ತೇ 1578, ಅರಬ್ಬಿಯ ಯೇ 1610. ಪೇ ಇರುವುದು 1662ರಲ್ಲಿ, ಗಾಫ್ 1711ರಲ್ಲಿ.

ಸಂಖ್ಯೆಯ ಪ್ರಕಾರ ಜೋಡಿಸಿದರೆ ಬುಶ್ರಾ ನಂತರ, ತಬಸ್ಸುಮ್‌ಗಿಂತ ಮೊದಲು ಬರಬೇಕಾದ ಪರ್ವೀನ್ ನಸ್ರೀನ್, ವಹೀದಾ ಎಲ್ಲರೂ ಮುಗಿದ ಮೇಲೆ ಬರುತ್ತಾಳೆ. ಕನ್ನಡದ ಳ ಗೆ ಆದದ್ದೇ ಇಲ್ಲಿ ಪೇ ಗೆ ಆಗಿದೆ.

ಇನ್ನೊಂದು ಕಣ್ಣಿಗೆ ಕಾಣದ ತೊಡಕು ಇದೆ. ಅರಬ್ಬಿ ಕೀಬೋರ್ಡಿನ ಯೇ 1610, ಉರ್ದು ಕೀಬೋರ್ಡಿನ ಯೇ 1740. ಪದದ ಆರಂಭದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಒಬ್ಬಳು ಯಾಸ್ಮೀನ್ ಹೆಸರನ್ನು ಅರಬ್ಬಿ ಕೀಬೋರ್ಡಿನಲ್ಲಿ, ಇನ್ನೊಬ್ಬಳದನ್ನು ಉರ್ದು ಕೀಬೋರ್ಡಿನಲ್ಲಿ ಟೈಪ್ ಮಾಡಿದ್ದರೆ, ಒಬ್ಬಳು ಪರ್ವೀನ್‌ಗಿಂತ ಮೊದಲು, ಇನ್ನೊಬ್ಬಳು ನಂತರ. ಕಾಫ್ ಅಕ್ಷರಕ್ಕೂ ಹೀಗೆಯೇ ಎರಡು ಸಂಖ್ಯೆ: 1603 ಮತ್ತು 1705. ಹುಡುಕು ಎಂದರೂ ಒಂದು ಸಿಕ್ಕರೆ ಇನ್ನೊಂದು ಸಿಗದು.

ಕನ್ನಡದಲ್ಲೂ ಕಾಣದ ಅಕ್ಷರವೊಂದಿದೆ. ಒತ್ತಕ್ಷರ ಆಗದಂತೆ ಬಿಡಿಸಿ ಬರೆಯಲು ಬಳಸುವ, ಅಗಲವೇ ಇಲ್ಲದ ಒಂದು ಸಂಕೇತ, ಸಂಖ್ಯೆ 8204. 'ಅಬ್ದುಲ್ ರಹೀಮ್' ಎಂದು ಜಾಗ ಬಿಟ್ಟು ಬರೆಯಬಹುದು, 'ಅಬ್ದುಲ್‌ರಹೀಮ್' ಎಂದು ಆ ಸಂಕೇತ ಬಳಸಿ ಸೇರಿಸಿಯೂ ಬರೆಯಬಹುದು. ಖಾಲಿ ಜಾಗದ ಸಂಖ್ಯೆ 32. ಬರೀ ಸಂಖ್ಯೆ ನೋಡಿ ಜೋಡಿಸಿದರೆ ಮೊದಲನೆಯವನು 'ಅಬ್ದುಲ್ಲಾ'ಗಿಂತ ಮುಂಚೆ, ಎರಡನೆಯವನು ಅಬ್ದುಲ್ಲಾ ಆದ ಮೇಲೆ. ಒಂದೇ ಹೆಸರು, ಎರಡು ಜಾಗ.

ಪರಿಹಾರ: ಸಂಖ್ಯೆ ಬೇರೆ, ತೂಕ ಬೇರೆ

ಇದಕ್ಕೆ ಯೂನಿಕೋಡ್ ಒಕ್ಕೂಟ ಕಂಡುಕೊಂಡ ದಾರಿ ಹೀಗಿದೆ. ಅಕ್ಷರದ ಸಂಖ್ಯೆ ಅದರ ವಿಳಾಸ ಮಾತ್ರ, ಅದನ್ನು ಮುಟ್ಟುವುದು ಬೇಡ. ಜೋಡಿಸುವಾಗ ಪ್ರತಿ ಅಕ್ಷರಕ್ಕೂ ಬೇರೆಯೇ ಒಂದು 'ತೂಕ' ಕೊಡೋಣ. ಹೋಲಿಸುವುದು ತೂಕವನ್ನು.

ಆ ತೂಕವನ್ನು ಹಂತ ಹಂತವಾಗಿ ನೋಡುತ್ತಾರೆ. ಮೊದಲ ಹಂತದಲ್ಲಿ ಮೂಲ ಅಕ್ಷರ ಮಾತ್ರ. ಅಲ್ಲಿ ಎರಡು ಪದಗಳೂ ಸಮ ಎನಿಸಿದರೆ ಎರಡನೆಯ ಹಂತದಲ್ಲಿ ಮೇಲಿನ ಕೆಳಗಿನ ಗುರುತುಗಳು. ಅಲ್ಲೂ ಸಮ ಎನಿಸಿದರೆ ಮೂರನೆಯ ಹಂತದಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ. ಹೀಗಾಗಿ 'ಅಲಿ'ಯನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದರೂ 'ಝೋಯಾ'ಗಿಂತ ಮುಂದೆಯೇ ಇರುತ್ತಾನೆ. ನಾವು ಹೇಳಿದ ಕಾಣದ ಸಂಕೇತಕ್ಕೆ ತೂಕವೇ ಇಲ್ಲ, ಅದನ್ನು ಬಿಟ್ಟು ಹೋಲಿಸುತ್ತಾರೆ. ಆಗ 'ಅಬ್ದುಲ್‌ರಹೀಮ್' ತನ್ನ ಜಾಗಕ್ಕೆ, ಅಬ್ದುಲ್ಲಾನ ಹಿಂದೆ ಅಲ್ಲ ಮುಂದೆ, ಬರುತ್ತಾನೆ.

ಎಲ್ಲ ಲಿಪಿಗಳಿಗೂ ಒಂದು ಸಾಮಾನ್ಯ ತೂಕಪಟ್ಟಿ ಇದೆ. ಅದರ ಮೇಲೆ ಆಯಾ ಭಾಷೆಯವರು ತಮ್ಮ ನಿಯಮವನ್ನು ಸೇರಿಸಬಹುದು. ಸ್ವೀಡಿಷ್ ಮತ್ತು ಜರ್ಮನ್ ಒಂದೇ ಅಕ್ಷರವನ್ನು ಬೇರೆ ಬೇರೆ ಕಡೆ ಇಟ್ಟುಕೊಳ್ಳುವುದು ಹೀಗೆ. ಈ ನಿಯಮಗಳನ್ನೆಲ್ಲ ಸಿಎಲ್‌ಡಿಆರ್ ಎಂಬ ಭಂಡಾರದಲ್ಲಿ ಕೂಡಿಸಿಡಲಾಗಿದೆ. ಈ ತೂಕದ ಕ್ರಮದಲ್ಲಿ ಕನ್ನಡದ ಳ ಮತ್ತು ೞ ಹ ನಂತರವೇ ಬರುತ್ತವೆ. ಕನ್ನಡಕ್ಕೆಂದೇ ಇರುವ ನಿಯಮ ಅನುಸ್ವಾರ ವಿಸರ್ಗಗಳನ್ನು ಔ ನಂತರ ಇಡುತ್ತದೆ. ಉರ್ದುವಿನ ಪೇ ಬೇ ಪಕ್ಕಕ್ಕೆ ಬರುತ್ತದೆ. ಕನ್ನಡ, ಇಂಗ್ಲಿಷ್, ಉರ್ದು ಬೆರೆತ ಪಟ್ಟಿಯಲ್ಲಿ ಯಾವ ಲಿಪಿ ಮೊದಲು ಬರಬೇಕು ಎಂಬುದನ್ನೂ ನಿಯಮದಲ್ಲೇ ಹೇಳಬಹುದು.

ಅಂದರೆ ಪರಿಷತ್ತಿನ ನಿಘಂಟಿನಲ್ಲಿ ಚೀಟಿ ಜೋಡಿಸಿದವರಿಗೆ ಗೊತ್ತಿದ್ದದ್ದನ್ನು ಈಗ ಕಂಪ್ಯೂಟರಿಗೂ ಬರೆದುಕೊಟ್ಟಾಗಿದೆ. ಆದರೆ ಬಹಳ ಕಡೆ ಅದನ್ನು ಕೇಳಿದರೆ ಮಾತ್ರ ಬಳಸುತ್ತದೆ. ಕೇಳದಿದ್ದರೆ ವಿಳಾಸದ ಸಂಖ್ಯೆಯನ್ನೇ ನೋಡುತ್ತದೆ.

ನಾವು ಮಾಡಬಹುದಾದದ್ದು

ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಇದನ್ನು ಲ್ಯಾಬಿನಲ್ಲೇ ನೋಡಬಹುದು. ಪೈಥಾನ್‌ನಲ್ಲಿ ಮೇಲಿನ ಎಂಟು ಬಡಾವಣೆಗಳ ಪಟ್ಟಿ ಮಾಡಿ ಸಾಮಾನ್ಯ ಸಾರ್ಟ್ ಆಜ್ಞೆ ಕೊಡಿ, ಬಳೇಪೇಟೆ ಎಲ್ಲಿ ಬಂತು ನೋಡಿ. ಆಮೇಲೆ ಬ್ರೌಸರಿನ ಜಾವಾಸ್ಕ್ರಿಪ್ಟ್‌ನಲ್ಲಿ ಕನ್ನಡದ ಭಾಷಾ ಸಂಕೇತವಾದ 'ಕೆ' 'ಎನ್' ಕೊಟ್ಟು ಅದೇ ಪಟ್ಟಿಯನ್ನು ಜೋಡಿಸಿ. ನಾವು ಪುಸ್ತಕದಲ್ಲಿ ಕಲಿಯುವ ಬಬಲ್ ಸಾರ್ಟ್, ಇನ್ಸರ್ಷನ್ ಸಾರ್ಟ್ ಎಲ್ಲವೂ 'ಯಾವುದು ಚಿಕ್ಕದು' ಎಂಬ ಪ್ರಶ್ನೆಯ ಮೇಲೆ ನಿಂತಿವೆ. ಆ ಪ್ರಶ್ನೆಗೆ ಉತ್ತರ ಕೊಡುವುದು ಆಲ್ಗರಿದಮ್ ಅಲ್ಲ, ಭಾಷೆ.

ಪಟ್ಟಿ ತಯಾರಿಸುವ ಸಿಬ್ಬಂದಿಗೆ ಹೊಸ ತಂತ್ರಾಂಶ ಸಿಕ್ಕಾಗ ಬಳೇಪೇಟೆ, ಬಸವನಗುಡಿ ಎಂಬ ಎರಡು ಪದ ಕೊಟ್ಟು ಪರೀಕ್ಷಿಸಿದರೆ ಸಾಕು. ಬಸವನಗುಡಿ ಮೊದಲು ಬಂದರೆ ಅದಕ್ಕೆ ಕನ್ನಡದ ಕ್ರಮ ಗೊತ್ತಿದೆ ಎಂದರ್ಥ. ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ನ ಕ್ಯಾಲ್ಕ್‌ನಲ್ಲಿ ಸಾರ್ಟ್ ಆಯ್ಕೆಗಳೊಳಗೆ ಭಾಷೆಯನ್ನು ಆರಿಸುವ ಅವಕಾಶವಿದೆ.

ಆದರೆ ಯಾವ ನಿಯಮವೂ ಸರಿಪಡಿಸಲಾರದ ಒಂದು ವಿಷಯ ನಮ್ಮ ಕೈಯಲ್ಲೇ ಇದೆ: ಹೆಸರನ್ನು ಬರೆಯುವ ರೀತಿ. ಮುಹಮ್ಮದ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ 'ಎಂ-ಓ' ಎಂದು ಆರಂಭಿಸುವವರಿದ್ದಾರೆ, 'ಎಂ-ಯು' ಎಂದು ಆರಂಭಿಸುವವರಿದ್ದಾರೆ, ಬರೀ 'ಎಂ-ಡಿ' ಎಂದು ಚುಟುಕಾಗಿ ಬರೆಯುವವರೂ ಇದ್ದಾರೆ. ಒಂದೇ ಹೆಸರು ಪಟ್ಟಿಯ ಮೂರು ಕಡೆ. ಕನ್ನಡದಲ್ಲಿ ಶೇಖ್, ಷೇಖ್, ಶೇಕ್, ಸೈಯದ್, ಸಯ್ಯದ್. ಇನಿಷಿಯಲ್ ಮುಂದೆ ಹಾಕಿದ 'ಕೆ. ರಮೇಶ್' ಕ ಅಡಿಯಲ್ಲಿ, ಹಿಂದೆ ಹಾಕಿದ 'ರಮೇಶ್ ಕೆ.' ರ ಅಡಿಯಲ್ಲಿ. ಇವೆಲ್ಲ ಬೇರೆ ಬೇರೆ ಎಂದೇ ಕಂಪ್ಯೂಟರ್ ತಿಳಿಯುತ್ತದೆ, ಯಾವ ತೂಕಪಟ್ಟಿಯೂ ಅವನ್ನು ಒಂದು ಮಾಡುವುದಿಲ್ಲ.

ಆದ್ದರಿಂದ ಅರ್ಜಿ ತುಂಬುವಾಗ ಅಂಕಪಟ್ಟಿಯಲ್ಲಿ ಇರುವಂತೆಯೇ, ಪ್ರತಿ ಬಾರಿಯೂ ಅದೇ ಅಕ್ಷರಗಳಲ್ಲಿ ಬರೆಯಿರಿ. ಹೆಸರಿನ ಮುಂದೆ ಅನಗತ್ಯ ಖಾಲಿ ಜಾಗ ಬಿಡಬೇಡಿ, ಆ ಜಾಗಕ್ಕೂ ಒಂದು ಸಂಖ್ಯೆ ಇದೆ. ಉರ್ದುವಿನಲ್ಲಿ ಟೈಪ್ ಮಾಡುವಾಗ ಉರ್ದು ಕೀಬೋರ್ಡನ್ನೇ ಬಳಸಿ. ಫಲಕದಲ್ಲಿ ನಿಮ್ಮ ಹೆಸರು ಇರಬೇಕಾದ ಜಾಗದಲ್ಲಿ ಕಾಣದಿದ್ದರೆ ಅಲ್ಲಿಗೇ ಬಿಡದೆ ಉಪಾಂತ್ಯದ ಪುಟ, ಕೊನೆಯ ಪುಟ ಎರಡನ್ನೂ ನೋಡಿ, ಸಿಗದಿದ್ದರೆ ಕಚೇರಿಯಲ್ಲಿ ಕೇಳಿ. ಹೆಸರು ಇಲ್ಲ ಎನ್ನುವುದಕ್ಕೂ, ಕಂಪ್ಯೂಟರ್ ಅದನ್ನು ಬೇರೆಡೆ ಇಟ್ಟಿದೆ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.